ಮರೆತದ್ದು ಎಲ್ಲಿ ಹೋಯಿತು?

ಆಶಯ: ಕಲಿತದ್ದನ್ನು ಮರೆಯುವುದು ಎಲ್ಲರಿಗೂ ಸಹಜ. ಮರೆತ ಕೂಡಲೆ ‘ನಾನು ದಡ್ಡ’ ಎಂದು ತಿಳಿದು ಕೈ ಚೆಲ್ಲಿ ಕೂಡ್ರುವುದು ಸರಿಯಲ್ಲ. ನಮ್ಮ ಮನಸ್ಸು ಹೇಗೆ ಗುರುತಿಸುತ್ತದೆ, ಹೇಗೆ ಕಲಿಯುತ್ತದೆ, ಏಕೆ ಮರೆಯುತ್ತದೆ ಎಂಬುದನ್ನು ತಿಳಿದರೆ ಕಲಿಕೆ ಸುಲಭವಾಗುತ್ತದೆ.

ಮಕ್ಕಳೇ, ಯಾರನ್ನೂ ಕೇಳದೆ ಈ ಪ್ರಶ್ನೆಗಳಿಗೆ ಉತ್ತರ ಹೇಳಿರಿ. ನೀಲಿ ಬಣ್ಣದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಯಾವ ಚಿತ್ರವಿದೆ? ಹಸಿರು ಮಿಶ್ರಿತ ಹಳದಿ ಬಣ್ಣದ 20 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಯಾವುದರ ಚಿತ್ರವಿದೆ?

ಅಂಗಡಿಗೆ ಹೋಗುವಾಗ ಈ ನೋಟುಗಳನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದೀರಿ. ಆದರೂ ಉತ್ತರ ತಟ್ಟನೆ ಹೊಳೆಯಲಿಲ್ಲ, ಅಲ್ಲವೇ? 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಮೇಲೆ ಹಂಪಿಯ ಕಲ್ಲಿನ ರಥವಿದೆ. 2019ರಲ್ಲಿ ಬಂದ 20 ರೂಪಾಯಿಯ ನೋಟಿನ ಮೇಲೆ ನಮ್ಮ ಮಹಾರಾಷ್ಟ್ರದ ಎಲ್ಲೋರಾ ಗುಹೆಗಳಿವೆ. ನೋಟು ಎಷ್ಟು ರೂಪಾಯಿಯದು ಎಂದು ತಿಳಿಯಲು ಬಣ್ಣ ಮತ್ತು ಅಂಕಿ ಸಾಕು. ಆದ್ದರಿಂದ ಮನಸ್ಸು ಚಿತ್ರದ ಕಡೆಗೆ ಗಮನ ಕೊಡಲಿಲ್ಲ. ಗಮನ ಕೊಡದೆ ನೋಡಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಇದು ಮೊದಲನೆಯ ಪಾಠ.

ಕಣ್ಣು ನೋಡುತ್ತದೆ, ಮನಸ್ಸು ಗುರುತಿಸುತ್ತದೆ

ಸೊಲ್ಲಾಪುರದ ಪೇಟೆಯಲ್ಲಿ ನಡೆಯುವಾಗ ಮರಾಠಿ, ಕನ್ನಡ, ತೆಲುಗು, ಉರ್ದು ಮಾತುಗಳೆಲ್ಲ ಕಿವಿಗೆ ಬೀಳುತ್ತವೆ. ಅಲ್ಲಿ ಒಂದು ಕನ್ನಡ ಫಲಕವನ್ನು ಇಬ್ಬರು ನೋಡುತ್ತಿದ್ದಾರೆ ಎಂದು ತಿಳಿಯಿರಿ. ಒಬ್ಬರಿಗೆ ಕನ್ನಡ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಇಬ್ಬರ ಕಣ್ಣಿಗೂ ಬೀಳುವ ಗೆರೆಗಳು ಒಂದೇ. ಕನ್ನಡ ಬಲ್ಲವರು ಅದನ್ನು ಓದಿಯೇ ಬಿಡುತ್ತಾರೆ. ಬಾರದವರಿಗೆ ಅವು ಬರೀ ದುಂಡು ಗೆರೆಗಳು. ತೆಲುಗು ಫಲಕವನ್ನು ನೋಡಿದಾಗ ನಿಮಗೆ ಹಲವು ಅಕ್ಷರಗಳು ಪರಿಚಯದವು ಎನಿಸುತ್ತವೆ. ಎರಡೂ ಲಿಪಿಗಳು ಅಕ್ಕತಂಗಿಯರಂತೆ ಇರುವುದೇ ಇದಕ್ಕೆ ಕಾರಣ.

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಇವು ತಂದ ಸುದ್ದಿಯನ್ನು ಹಿಂದೆ ಕಲಿತದ್ದರೊಂದಿಗೆ ಸೇರಿಸಿ ಅರ್ಥ ಮಾಡಿಕೊಳ್ಳುವುದಕ್ಕೆ ‘ಗ್ರಹಿಕೆ’ ಎನ್ನುತ್ತಾರೆ. ಹೆಚ್ಚು ಕಲಿತಂತೆ ಗ್ರಹಿಕೆಯೂ ಬೆಳೆಯುತ್ತದೆ.

ಚಿಕ್ಕ ಚೀಲ, ದೊಡ್ಡ ಕಣಜ

ಈ ಅಂಕಿಗಳನ್ನು ಒಂದು ಸಲ ಓದಿ, ಕಣ್ಣು ಮುಚ್ಚಿ ಹೇಳಿರಿ: 194719501960.

ಹನ್ನೆರಡು ಅಂಕಿಗಳು! ಕಷ್ಟವೇ ಸರಿ. ಈಗ ಹೀಗೆ ಓದಿರಿ: 1947, 1950, 1960. ನಮ್ಮ ದೇಶ ಸ್ವತಂತ್ರವಾದ ವರ್ಷ, ಗಣರಾಜ್ಯವಾದ ವರ್ಷ, ಮಹಾರಾಷ್ಟ್ರ ರಾಜ್ಯ ಸ್ಥಾಪನೆಯಾದ ವರ್ಷ. ಈಗ ಹನ್ನೆರಡು ಅಂಕಿಗಳಿಲ್ಲ, ಮೂರೇ ಸಂಗತಿಗಳಿವೆ. ಸುಲಭವಾಗಿ ಹೇಳಬಲ್ಲಿರಿ.

ನಮ್ಮ ಮನಸ್ಸಿನಲ್ಲಿ ಆ ಕ್ಷಣಕ್ಕೆ ಬೇಕಾದುದನ್ನು ಹಿಡಿದಿಡುವ ಒಂದು ಚಿಕ್ಕ ಚೀಲವಿದೆ ಎಂದು ಭಾವಿಸೋಣ. ಅದರಲ್ಲಿ ಏಳರ ಆಸುಪಾಸು ಸಂಗತಿಗಳು ಹಿಡಿಯುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಾಲ್ಕೇ ಹಿಡಿಯುತ್ತವೆ ಎಂದು ಅನಂತರದ ಕೆಲವು ವಿಜ್ಞಾನಿಗಳು ಹೇಳಿದ್ದಾರೆ. ಹೇಗಿದ್ದರೂ ಚೀಲ ಚಿಕ್ಕದು. ಬಹುಕಾಲ ಉಳಿಯುವ ನೆನಪು ಮಾತ್ರ ದೊಡ್ಡ ಕಣಜದಂತೆ. ಚೀಲದಲ್ಲಿದ್ದುದು ಕಣಜಕ್ಕೆ ಸೇರಬೇಕು. ಗೊತ್ತಿದ್ದ ಸಂಗತಿಯೊಡನೆ ಹೊಸದನ್ನು ಗಂಟು ಹಾಕಿದರೆ ಅದು ಬೇಗ ಸೇರುತ್ತದೆ.

ಮರೆವನ್ನು ಅಳೆದವರು

ಜರ್ಮನಿಯಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರಿದ್ದರು. ಅವರು ಹುಟ್ಟಿದ್ದು 1850ರಲ್ಲಿ. ಮನುಷ್ಯ ಎಷ್ಟು ಬೇಗ ಮರೆಯುತ್ತಾನೆ ಎಂಬುದನ್ನು ಅಳೆಯಬೇಕೆಂದು ಅವರಿಗೆ ಅನಿಸಿತು. ಅದಕ್ಕಾಗಿ ಅರ್ಥವೇ ಇಲ್ಲದ ಸುಮಾರು 2300 ಚಿಕ್ಕ ಪದಗಳನ್ನು ಮಾಡಿಕೊಂಡರು. ‘ಝುಫ್’, ‘ದೊಕ್’ ಎಂದರೆ ಹೇಗೋ ಹಾಗೆ! ಅರ್ಥವಿದ್ದರೆ ಹಳೆಯ ತಿಳುವಳಿಕೆ ನೆರವಿಗೆ ಬಂದುಬಿಡುತ್ತದೆ. ಆಗ ಅಳತೆ ಸರಿಯಾಗುವುದಿಲ್ಲ. ಕಲಿಯುವವರೂ ಅವರೇ, ಪರೀಕ್ಷೆ ಮಾಡುವವರೂ ಅವರೇ. ಪದಗಳ ಸಾಲನ್ನು ಬಾಯಿಪಾಠ ಮಾಡುವರು. ಕೆಲವು ಕಾಲ ಬಿಟ್ಟು ಅದೇ ಸಾಲನ್ನು ಮತ್ತೆ ಕಲಿಯುವರು. ಈ ಸಲ ಎಷ್ಟು ಸಮಯ ಬೇಕಾಯಿತೆಂದು ಬರೆದಿಡುವರು. ಹಲವು ವರ್ಷಗಳ ಈ ದುಡಿಮೆಯ ಫಲವನ್ನು 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಅವರು ಕಂಡುಕೊಂಡದ್ದನ್ನು ಒಂದು ಲೆಕ್ಕದಿಂದ ತಿಳಿಯೋಣ. ಮೊದಲ ಸಲ ಕಲಿಯಲು 100 ನಿಮಿಷ ಬೇಕಾಯಿತು ಎನ್ನೋಣ. 20 ನಿಮಿಷ ಬಿಟ್ಟು ಮತ್ತೆ ಕಲಿತರೆ ಸುಮಾರು 42 ನಿಮಿಷ ಸಾಕು. ಒಂದು ದಿನ ಬಿಟ್ಟರೆ 66 ನಿಮಿಷ ಬೇಕು. ಒಂದು ತಿಂಗಳು ಬಿಟ್ಟರೆ 79 ನಿಮಿಷ ಬೇಕು.

ಈ ಲೆಕ್ಕ ಎರಡು ಮಾತು ಹೇಳುತ್ತದೆ. ಮೊದಲನೆಯದು: ಮರೆವು ಆರಂಭದಲ್ಲಿ ಓಡುತ್ತದೆ, ಆಮೇಲೆ ನಿಧಾನವಾಗಿ ನಡೆಯುತ್ತದೆ. ಎರಡನೆಯದು: ತಿಂಗಳಾದ ಮೇಲೂ 21 ನಿಮಿಷಗಳ ದುಡಿಮೆ ಉಳಿಯಿತು. ಪೂರ್ತಿ ಮರೆತೆವು ಎಂದುಕೊಂಡಾಗಲೂ ಏನೋ ಒಂದಿಷ್ಟು ಒಳಗೆ ಉಳಿದಿರುತ್ತದೆ. ಬೇಸಿಗೆಯಲ್ಲಿ ಒಣಗಿ ಹೋದ ಕರಿಕೆ ಹುಲ್ಲಿನ ಬೇರು ನೆಲದೊಳಗೆ ಇದ್ದು, ಮಳೆ ಬಿದ್ದೊಡನೆ ಚಿಗುರುವಂತೆ.

ಅವರು ಇನ್ನೂ ಒಂದು ಸಂಗತಿ ಕಂಡರು. ಒಂದೇ ದಿನ 68 ಸಲ ಓದಿ ಪಡೆದ ಫಲವನ್ನು ಮೂರು ದಿನಗಳಲ್ಲಿ ಹಂಚಿಕೊಂಡು 38 ಸಲ ಓದಿ ಪಡೆಯಬಹುದಾಗಿತ್ತು. ಹಂಚಿ ಓದಿದರೆ ಶ್ರಮ ಕಡಿಮೆ!

ಓದುವುದು ಮತ್ತು ನೆನೆಯುವುದು

ಐದನೆಯ ಇಯತ್ತೆಯ ಒಬ್ಬ ಹುಡುಗಿಯ ಕಥೆ ಕೇಳಿರಿ. ಅವಳು ರಾತ್ರಿ ಹದಿಮೂರರ ಮಗ್ಗಿಯನ್ನು ಪುಸ್ತಕ ನೋಡಿಕೊಂಡು ಹತ್ತು ಸಲ ಓದಿದಳು. ಮರುದಿನ ಗುರುಗಳು, “ಹದಿಮೂರು ಏಳಲಿ ಎಷ್ಟು?” ಎಂದು ಕೇಳಿದರು. ಉತ್ತರ ಬರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಂದಿನಿಂದ ಅವಳು ಕೊನೆಯ ಸಾಲಿನಲ್ಲಿ ಕೂಡ್ರತೊಡಗಿದಳು. ಉತ್ತರ ಗೊತ್ತಿದ್ದಾಗಲೂ ಕೈ ಎತ್ತುವುದನ್ನು ಬಿಟ್ಟಳು.

ಒಂದು ಸಂಜೆ ಅವಳು ತನ್ನ ಆಯಿಗೆ, “ಆಯಿ, ನನ್ನ ತಲಿಯಾಗ ಏನೂ ನಿಲ್ಲೂದಿಲ್ಲ. ನಾ ಸಾಲಿ ಬಿಡತೀನಿ” ಎಂದಳು.

ಆಯಿಗೆ ಅಕ್ಷರ ಬಾರದು. ಆದರೆ ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಎಷ್ಟೋ ಅವಳ ಬಾಯಲ್ಲಿದ್ದವು. ಆಯಿ ನಕ್ಕು ಹೇಳಿದಳು: “ಅವ್ವಾ, ನಾನೇನು ಒಂದ ದಿನದಾಗ ಕಲತೀನೇನು? ನಮ್ಮವ್ವ ಹಾಡೂದು ಕೇಳತಿದ್ನಿ. ಮರದಿನ ಬೀಸೂ ಮುಂದ ನಾನs ಹಾಡಿ ನೋಡತಿದ್ನಿ. ನಡುವ ಮರತರ ಅವ್ವ ಒಂದ ಮಾತು ಎತ್ತಿಕೊಡತಿದ್ಳು. ನೀನೂ ಪುಸ್ತಕ ಮುಚ್ಚಿ ಅಂದು ನೋಡು.”

ಆಯಿ ಹೇಳಿದ್ದು ಎಂಥ ಸರಿಯಾದ ಮಾತು! 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಲು ಕೊಟ್ಟರು. ಒಮ್ಮೆ ಅದನ್ನು ಮತ್ತೆ ಓದಿಸಿದರು. ಇನ್ನೊಮ್ಮೆ ಮತ್ತೆ ಓದಿಸದೆ, ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷಗಳ ನಂತರ ನೋಡಿದರೆ ಮತ್ತೆ ಓದಿದ್ದೇ ಸ್ವಲ್ಪ ಹೆಚ್ಚು ನೆನಪಿತ್ತು. ಆದರೆ ಒಂದು ವಾರದ ನಂತರ? ಮತ್ತೆ ಓದಿದ ಭಾಗದಲ್ಲಿ ನೂರಕ್ಕೆ 42ರಷ್ಟು, ನೆನೆದು ಬರೆದ ಭಾಗದಲ್ಲಿ ನೂರಕ್ಕೆ 56ರಷ್ಟು ನೆನಪಿನಲ್ಲಿ ಉಳಿದಿತ್ತು.

ಪುಸ್ತಕ ನೋಡಿಕೊಂಡು ಓದುವಾಗ ಎಲ್ಲವೂ ಬರುತ್ತದೆ ಎನಿಸುತ್ತದೆ. ಪುಸ್ತಕ ಮುಚ್ಚಿದಾಗಲೇ ನಿಜ ತಿಳಿಯುವುದು. ಬಾವಿಯಲ್ಲಿ ನೀರಿದ್ದರೆ ಸಾಲದು, ಸೇದಲು ಬರಬೇಕು. ಸೇದುವ ಅಭ್ಯಾಸಕ್ಕೇ ನೆನೆಯುವುದು ಎನ್ನುತ್ತಾರೆ. ಆ ಹುಡುಗಿ ರಾತ್ರಿ ಹತ್ತು ಸಲ ಓದಿದ್ದಳು, ಒಂದು ಸಲವೂ ನೆನೆದಿರಲಿಲ್ಲ. ದೋಷ ಅವಳ ತಲೆಯಲ್ಲಿ ಇರಲಿಲ್ಲ, ಓದಿದ ಬಗೆಯಲ್ಲಿತ್ತು.

ಭಾವನೆ ಮತ್ತು ನೆನಪು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಭೂಕಂಪವಾಯಿತು. ಸಾವಿರಾರು ಜನರು ತೀರಿಕೊಂಡರು. ಸೊಲ್ಲಾಪುರ ಜಿಲ್ಲೆಯಲ್ಲಿಯೂ ನೆಲ ನಡುಗಿತು. ಆ ನಸುಕಿನಲ್ಲಿ ತಾವು ಎಲ್ಲಿದ್ದೆವು, ಏನು ಮಾಡಿದೆವು ಎಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಅದರ ಹಿಂದಿನ ದಿನ ಏನು ಉಂಡರೆಂದು ಕೇಳಿದರೆ ಹೇಳಲಾರರು. ದೊಡ್ಡ ಭಯ, ದೊಡ್ಡ ದುಃಖ, ದೊಡ್ಡ ಸಂತೋಷ ಇವು ನೆನಪನ್ನು ಆಳವಾಗಿ ಊರುತ್ತವೆ. ಆದರೂ ಒಂದೇ ಮನೆಯ ಇಬ್ಬರು ಸಣ್ಣಪುಟ್ಟ ವಿವರಗಳನ್ನು ಬೇರೆ ಬೇರೆಯಾಗಿ ಹೇಳಬಹುದು. ಅವರು ಸುಳ್ಳು ಹೇಳುತ್ತಾರೆಂದಲ್ಲ. ನೆನಪು ಫೋಟೋ ಅಲ್ಲ. ನೆನೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ.

ಭಯಕ್ಕೆ ಇನ್ನೊಂದು ಮುಖವೂ ಇದೆ. ಎಲ್ಲರೆದುರು ಎದ್ದು ನಿಂತಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ‘ಎಲ್ಲರೂ ನಗುತ್ತಾರೆ’ ಎಂಬ ಚಿಂತೆಯೇ ಆ ಚಿಕ್ಕ ಚೀಲವನ್ನು ತುಂಬಿಬಿಡುತ್ತದೆ. ಗೊತ್ತಿದ್ದ ಉತ್ತರಕ್ಕೆ ಜಾಗವಿರುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ‘ತೊಂಬತ್ತೊಂದು’ ಎಂದು ತಾನಾಗಿಯೇ ಹೊಳೆಯುತ್ತದೆ! ಆದ್ದರಿಂದ ಗೆಳೆಯರು ತಡವರಿಸಿದಾಗ ನಗಬಾರದು. ನಮ್ಮ ಒಂದು ನಗು ಇನ್ನೊಬ್ಬರ ಬಾಯಿಗೆ ಬಂದ ಉತ್ತರವನ್ನು ಕಸಿದುಕೊಳ್ಳಬಲ್ಲದು. ಆಯಿಯ ಅವ್ವನಂತೆ ಒಂದು ಮಾತು ಎತ್ತಿಕೊಡುವುದು ಒಳ್ಳೆಯದು.

ಹೀಗೆ ಮಾಡಿರಿ

ಪಾಠವನ್ನು ಗಮನವಿಟ್ಟು ಓದಿರಿ. ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಹೇಳಿರಿ. ತಪ್ಪಿದ್ದನ್ನು ತೆರೆದು ನೋಡಿ ತಿದ್ದಿಕೊಳ್ಳಿರಿ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ನೆನೆಯಿರಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಿ; ಹಗಲು ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ.

ಮರೆವು ಬುದ್ಧಿವಂತರಿಗೂ ಉಂಟು, ವಿಜ್ಞಾನಿಗಳಿಗೂ ಉಂಟು. ಮರೆತಾಗ ‘ನನಗೆ ಬರುವುದಿಲ್ಲ’ ಎನ್ನಬೇಡಿರಿ. ‘ಇನ್ನೊಮ್ಮೆ ನೆನೆಯಬೇಕು’ ಎನ್ನಿರಿ.

ಪದಗಳ ಅರ್ಥ

ಇಯತ್ತೆ – ತರಗತಿ
ಆಯಿ – ಅಜ್ಜಿ
ಸಾಲಿ – ಶಾಲೆ
ಕಣಜ – ಧಾನ್ಯ ತುಂಬಿಡುವ ದೊಡ್ಡ ಸಾಧನ
ಕರಿಕೆ – ಗರಿಕೆ ಹುಲ್ಲು
ನಸುಕು – ಬೆಳಗಿನ ಜಾವ
ಸೇದು – ಬಾವಿಯಿಂದ ನೀರನ್ನು ಮೇಲೆತ್ತು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಯಾವ ಚಿತ್ರವಿದೆ?
2. ಗ್ರಹಿಕೆ ಎಂದರೇನು?
3. ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಪದಗಳನ್ನೇ ಏಕೆ ಆರಿಸಿಕೊಂಡರು?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಆಯಿ ಪದಗಳನ್ನು ಕಲಿತದ್ದು ಹೇಗೆ?
2. ಹುಡುಗಿಗೆ ಮಗ್ಗಿ ಏಕೆ ನೆನಪಾಗಲಿಲ್ಲ? ಎರಡು ಕಾರಣ ಕೊಡಿರಿ.
3. ‘ನೆನಪು ಫೋಟೋ ಅಲ್ಲ’ ಎಂಬ ಮಾತನ್ನು ವಿವರಿಸಿರಿ.

ಇ) ಬಿಟ್ಟ ಸ್ಥಳ ತುಂಬಿರಿ.
1. ಒಂದೇ ದಿನ 68 ಸಲ ಓದುವ ಬದಲು ಮೂರು ದಿನಗಳಲ್ಲಿ ______ ಸಲ ಓದಿದರೆ ಸಾಕಾಯಿತು.
2. ಬಾವಿಯಲ್ಲಿ ನೀರಿದ್ದರೆ ಸಾಲದು, ______ ಬರಬೇಕು.

ಈ) ವಿರುದ್ಧ ಪದ ಬರೆಯಿರಿ.
ಮರೆವು, ಭಯ, ಸುಲಭ, ದಡ್ಡ

ಉ) ಮಾಡಿ ನೋಡಿರಿ.
1. ಈ ಪಾಠವನ್ನು ಓದಿದ ಒಂದು ವಾರದ ಮೇಲೆ ಪುಸ್ತಕ ನೋಡದೆ ನೆನಪಿದ್ದಷ್ಟನ್ನು ಬರೆಯಿರಿ. ಆಮೇಲೆ ಪಾಠ ತೆರೆದು ಬಿಟ್ಟುಹೋದದ್ದನ್ನು ಗುರುತಿಸಿರಿ.
2. ನಿಮ್ಮ ಮನೆಯ ಹಿರಿಯರಿಂದ ಒಂದು ಜನಪದ ಹಾಡನ್ನು ಕೇಳಿ ಕಲಿಯಿರಿ. ಬರೆದುಕೊಳ್ಳದೆ ಮರುದಿನ ಅವರ ಮುಂದೆಯೇ ಹಾಡಿರಿ.