ಗಲ್ಫಿಗೆ ಹೊರಟ ಉಟ್ಕೂರಿನ ಹುಡುಗನಿಗೆ

ತಮ್ಮಾ, ನೀನು ಗಲ್ಫಿಗೆ ಹೊರಟಿರುವ ಸುದ್ದಿ ನಿಮ್ಮವ್ವ ಹೇಳಿದಳು. ಬೇಡ ಅನ್ನುವವನು ನಾನಲ್ಲ. ದುಡಿಯಲು ಊರು ಬಿಡದ ಮನೆ ನಮ್ಮ ಪಾಲಮೂರು (ಮಹಬೂಬನಗರ) ಸೀಮೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ದೇಶದ ಎಷ್ಟೋ ಅಣೆಕಟ್ಟು, ಕಾಲುವೆಗಳ ಮಣ್ಣು ಹೊತ್ತವರು ನಮ್ಮ ಜನ. ‘ಪಾಲಮೂರು ಲೇಬರ್’ ಅನ್ನುವ ಹೆಸರು ಬಂದದ್ದೇ ಹಾಗೆ. ಕರೀಂನಗರ, ಜಗಿತ್ಯಾಲ, ನಿಜಾಮಾಬಾದಿನವರು ದುಬೈ, ಮಸ್ಕತ್ ವಿಮಾನ ಹತ್ತುತ್ತಿದ್ದ ಕಾಲಕ್ಕೆ ನಾರಾಯಣಪೇಟೆ, ಮಕ್ತಲ್ ಕಡೆಯವರು ಮುಂಬೈ, ಪುಣೆ ಬಸ್ಸು ಹತ್ತುತ್ತಿದ್ದರು. ಈಗ ನೀವೂ ವಿಮಾನದ ದಾರಿ ಹಿಡಿದಿದ್ದೀರಿ. ಹೋಗು. ಆದರೆ ನಿನ್ನ ಹಿರಿಯರು ಗುಂಪು ಮೇಸ್ತ್ರಿಯ ಕೈಯಲ್ಲಿ ಪಟ್ಟ ಪಾಡನ್ನು ನೀನು ಏಜೆಂಟನ ಕೈಯಲ್ಲಿ ಪಡಬೇಡ.

ಆ ಪಾಡು ಹೇಗಿತ್ತೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದಾಗ ಮೇಸ್ತ್ರಿ ಮುಂಗಡ ಕೊಡುತ್ತಿದ್ದ. ಹೆಬ್ಬೆಟ್ಟು ಒತ್ತಿದ ಮೇಲೆ ಯಾವ ಊರು, ಎಷ್ಟು ತಾಸು, ಎಷ್ಟು ಕೂಲಿ ಎಲ್ಲವೂ ಅವನ ಬಾಯಲ್ಲೇ. ಲೆಕ್ಕದ ಪುಸ್ತಕವೂ ಅವನದೇ ಆದ್ದರಿಂದ ದುಡಿದಷ್ಟೂ ಮುಂಗಡ ತೀರುತ್ತಿರಲಿಲ್ಲ. ಈಗಿನ ಸ್ಥಿತಿ ಅದಕ್ಕಿಂತ ಕಡೆ. ಮೇಸ್ತ್ರಿಯಾದರೂ ಕೈಗೆ ರೊಕ್ಕ ಕೊಟ್ಟು ಕಟ್ಟಿಹಾಕುತ್ತಿದ್ದ; ಏಜೆಂಟನಿಗೆ ನೀನೇ ಸಾಲ ತಂದು ಕೊಟ್ಟು ಕಟ್ಟಿಸಿಕೊಳ್ಳುತ್ತೀ.

ಎರಡು ಲಕ್ಷ ಕೇಳಿದ್ದಾನಂತೆ. ಸಾವುಕಾರನ ಹತ್ತಿರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 6,000, ವರ್ಷಕ್ಕೆ 72,000 ಬರೀ ಬಡ್ಡಿ. ಅಸಲು ಹಾಗೇ ಉಳಿಯುತ್ತದೆ. ಕಂಪನಿ ಸಂಬಳ ಕೊಡದಿದ್ದರೂ, ಹೊಡೆದರೂ ವಾಪಸ್ ಬರಲಾಗದೆ ಹುಡುಗರು ಅಲ್ಲೇ ಒದ್ದಾಡುವುದು ಈ ಸಾಲದ ಹೆದರಿಕೆಗೆ. ಸರ್ಕಾರದ ಲೈಸೆನ್ಸ್ ಇರುವ ಏಜೆಂಟ್ ಸೇವಾ ಶುಲ್ಕವೆಂದು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಆಳು ಕಳಿಸುವುದೇ ಅಪರಾಧ. ನೋಂದಣಿ ಇದೆಯೋ ಇಲ್ಲವೋ ಎಂಬುದು ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ, ನಿನ್ನ ಫೋನಿನಲ್ಲೇ ನೋಡು. ತೆಲಂಗಾಣ ಸರ್ಕಾರದ್ದೇ ‘ಟಾಮ್‌ಕಾಮ್’ ಎಂಬ ಸಂಸ್ಥೆ ಹೈದರಾಬಾದಿನಲ್ಲಿದೆ, ಹೊರದೇಶದ ಕೆಲಸ ಕೊಡಿಸುವುದೇ ಅದರ ಕೆಲಸ. ಮೊದಲು ಅಲ್ಲಿ ವಿಚಾರಿಸು. ಹೊಲದ ಪಟ್ಟಾ ಪುಸ್ತಕವನ್ನು ಮಾತ್ರ ಯಾರ ಕೈಗೂ ಕೊಡಬೇಡ.

ಇನ್ನು ವೀಸಾ. ‘ಆಜಾದ್ ವೀಸಾ ಇದೆ, ಎಲ್ಲಿ ಬೇಕಾದರೂ ದುಡಿಯಬಹುದು’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ. ಅಂಥ ವೀಸಾ ಆ ದೇಶಗಳ ಕಾನೂನಿನಲ್ಲಿಲ್ಲ. ಒಬ್ಬ ಕಫೀಲನ, ಅಂದರೆ ವೀಸಾ ಕೊಡಿಸಿದ ಮಾಲೀಕನ, ಹೆಸರಿನಲ್ಲಿ ಹೋಗಿ ಇನ್ನೊಬ್ಬನ ಹತ್ತಿರ ದುಡಿದರೆ ಸಿಕ್ಕಿಬಿದ್ದ ದಿನ ಜೈಲು. ವಿಸಿಟ್ ವೀಸಾದ ಮೇಲೆ ಹೋಗಿ ಕೆಲಸ ಹುಡುಕುವುದೂ ಅಷ್ಟೇ ಅಪಾಯ. ‘ಖಲ್ಲಿವಲ್ಲಿ’ ಆಗಿ ಕಾಗದವಿಲ್ಲದೆ ಅಲೆಯುವವರಲ್ಲಿ ಬಹಳ ಜನ ಹೀಗೆ ಹೋದವರೇ.

ನೀನು ಹತ್ತನೇ ಕ್ಲಾಸು ಪಾಸಾಗಿದ್ದೀ, ಆದ್ದರಿಂದ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ‘ವಲಸೆ ತಪಾಸಣೆ ಬೇಕು’ ಎಂಬ ಮುದ್ರೆ ಬರುವುದಿಲ್ಲ. ಅದರಿಂದ ಹಿಗ್ಗಬೇಡ. ಹತ್ತು ಓದದವನು ಸೌದಿ, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಅವನ ಕರಾರು ಸರ್ಕಾರದ ಕಣ್ಣಿಗೆ ಬೀಳುತ್ತದೆ, ವಿಮೆ ಕಡ್ಡಾಯವಾಗುತ್ತದೆ. ನಿನ್ನ ಕಾಗದ ನೋಡುವವರು ನೀನೊಬ್ಬನೇ. ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ. ನಿನಗೆ ಕಡ್ಡಾಯವಲ್ಲ, ಆದರೂ ಮಾಡಿಸು. ಹೊರಡುವವರಿಗೆ ಒಂದು ದಿನದ ಉಚಿತ ತರಬೇತಿ ಕೊಡುತ್ತಾರೆ, ಅದನ್ನೂ ಬಿಡಬೇಡ.

ಕನ್ನಡ-ತೆಲುಗು ಗಡಿಯ ನಮ್ಮಂಥವರಿಗೆ ಇನ್ನೊಂದು ತಾಪತ್ರಯವಿದೆ, ಹೈದರಾಬಾದಿನ ಹುಡುಗರಿಗೆ ಅದು ಇಲ್ಲ. 1956ರ ತನಕ ಗದ್ವಾಲ, ಆಲಂಪುರ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗೆರೆ ಬಿತ್ತು. ನೆಂಟಸ್ತನ, ಸಂತೆ, ಓದು ಮಾತ್ರ ಗೆರೆ ಕೇಳಲಿಲ್ಲ. ನಿನ್ನನ್ನೇ ತಗೋ: ಆಧಾರ್ ತೆಲಂಗಾಣದ್ದು, ಪಿಯುಸಿ ಮಾರ್ಕ್ಸ್ ಕಾರ್ಡು ರಾಯಚೂರಿನದು. ತೆಲುಗಿನವರು ಮನೆಹೆಸರನ್ನು ಮುಂದೆ ಹಾಕುತ್ತಾರೆ, ಕನ್ನಡದ ಕಾಗದದಲ್ಲಿ ಅಪ್ಪನ ಹೆಸರು ಹಿಂದೆ ಬಂದಿದೆ. ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸ್ಸಪ್ಪ. ಊರಲ್ಲಿ ಇಬ್ಬರೂ ಒಬ್ಬನೇ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇಬ್ಬರು ಬೇರೆ ಬೇರೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲು ಎಲ್ಲ ಕಾಗದ ಚಾಪೆಯ ಮೇಲೆ ಹರಡಿಕೊಂಡು ಇಂಗ್ಲಿಷಿನ ಒಂದೊಂದು ಅಕ್ಷರ, ಹುಟ್ಟಿದ ತಾರೀಖು ತಾಳೆ ನೋಡು. ಸರ್ಟಿಫಿಕೇಟಿಗೆ ದೃಢೀಕರಣ ಬೇಕಾದರೆ ಕೊಟ್ಟ ರಾಜ್ಯದಲ್ಲೇ ಮೊದಲ ಮುದ್ರೆ ಆಗುವುದು ರೂಢಿ: ರಾಯಚೂರಿನದಕ್ಕೆ ಬೆಂಗಳೂರು, ನಾರಾಯಣಪೇಟೆಯದಕ್ಕೆ ಹೈದರಾಬಾದು. ಅದಕ್ಕೆ ವಾರಗಳು ಹಿಡಿಯುತ್ತವೆ, ಟಿಕೆಟ್ ಬಂದ ಮೇಲೆ ಓಡಾಡಿದರೆ ಆಗುವುದಿಲ್ಲ. ಈ ಗಡಿಯೇ ನಿನಗೆ ಒಂದು ಬಲವನ್ನೂ ಕೊಟ್ಟಿದೆ. ಕನ್ನಡ, ತೆಲುಗಿನ ಜೊತೆ ದಖನಿ ಉರ್ದು ನಿನ್ನ ನಾಲಿಗೆಯ ಮೇಲಿದೆ. ಅಲ್ಲಿನ ಕಟ್ಟಡ ಕೆಲಸದಲ್ಲಿ ಹಿಂದಿ-ಉರ್ದುವೇ ನಡೆಯುವುದು. ಮಾತು ಬಂದವನಿಗೆ ಮೋಸ ಮಾಡುವುದು ಕಷ್ಟ.

ಚೀಲ ಕಟ್ಟುವಾಗ ಅವ್ವನ ಪಕ್ಕ ಕೂಡು. ಕಟಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಲಿ. ಗಸಗಸೆ ಒಂದು ಕಾಳೂ ಬೇಡ. ನಮಗೆ ಅದು ಪಾಯಸದ ಸಾಮಾನು; ದುಬೈ, ಸೌದಿಯಲ್ಲಿ ಅಮಲಿನ ಪದಾರ್ಥದ ಪಟ್ಟಿಗೆ ಸೇರಿದ್ದು, ಅದಕ್ಕೇ ಜೈಲು ಕಂಡವರಿದ್ದಾರೆ. ಮಸಾಲೆ ಪುಡಿಯಲ್ಲಿ ಹಾಕಿದ್ದರೆ ಅದನ್ನೂ ಬಿಟ್ಟು ಹೋಗು. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ನೋವಿನ ಗುಳಿಗೆ ಡಾಕ್ಟರ ಚೀಟಿಯಿಲ್ಲದೆ, ಆ ದೇಶದ ನಿಯಮ ತಿಳಿಯದೆ ಒಯ್ಯಬೇಡ. ‘ಅಲ್ಲಿ ನಮ್ಮ ಭಾವ ಇದ್ದಾನೆ, ಈ ಪೊಟ್ಟಣ ಮುಟ್ಟಿಸಪ್ಪ’ ಎಂದು ವಿಮಾನ ನಿಲ್ದಾಣಕ್ಕೆ ಬಂದು ಕೊಡುವವರಿಗೆ ದಾಕ್ಷಿಣ್ಯ ತೋರಿಸಬೇಡ. ಆ ಪೊಟ್ಟಣದಲ್ಲಿ ಏನೇ ಸಿಕ್ಕರೂ ಹೊಣೆ ನಿನ್ನದು.

ಅಲ್ಲಿ ಇಳಿದ ಮೇಲೆ ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇನೆ ಅಂದರೆ, ಸೌದಿ, ಕತಾರ್, ಯುಎಇ ಕಾನೂನು ಅದಕ್ಕೆ ಒಪ್ಪುವುದಿಲ್ಲ ಎಂಬುದು ನಿನಗೆ ಗೊತ್ತಿರಲಿ. ಪಾಸ್‌ಪೋರ್ಟ್, ವೀಸಾ, ಕರಾರಿನ ಒಂದೊಂದು ಪ್ರತಿ ಅವ್ವನ ಟ್ರಂಕಿನಲ್ಲಿರಲಿ. ಕಷ್ಟ ಬಂದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಮನೆಯವರು ಊರಿನಿಂದಲೇ ಫೋನು ಮಾಡಬಹುದು, 1800 11 3090. ನಿನ್ನ ಪಾಸ್‌ಪೋರ್ಟ್ ನಂಬರೇ ಗೊತ್ತಿಲ್ಲದಿದ್ದರೆ ಆ ತಾಯಿ ಅವರಿಗೆ ಏನು ಹೇಳಬೇಕು?

ಮುಖ್ಯವಾದದ್ದು ಕರಾರು. ಮೂಲ ಸಂಬಳ ಎಷ್ಟು, ಊಟ-ವಸತಿ ಯಾರದು, ದಿನಕ್ಕೆ ಎಷ್ಟು ತಾಸು, ಓವರ್‌ಟೈಮ್ ದರವೇನು, ವಾಪಸ್ ಟಿಕೆಟ್ ಯಾರು ಕೊಡುತ್ತಾರೆ, ವೀಸಾದಲ್ಲಿರುವ ಕೆಲಸವೂ ಏಜೆಂಟ್ ಬಾಯಲ್ಲಿ ಹೇಳಿದ ಕೆಲಸವೂ ಒಂದೇನಾ? ಡ್ರೈವರ್ ಎಂದು ಹೇಳಿ ಮರಳುಗಾಡಿನಲ್ಲಿ ಒಂಟೆ-ಕುರಿ ಕಾಯಲು ಹಚ್ಚಿದ ಸುದ್ದಿಗಳನ್ನು ನೀನೂ ಓದಿದ್ದೀ. ಏಜೆಂಟ್ ‘ಇವತ್ತೇ ಸಹಿ ಹಾಕು’ ಎಂದು ಅವಸರ ಮಾಡಿದರೆ ಒಂದು ದಿನ ಕೇಳಿಕೋ. ಕಾಗದ ತೆಗೆದುಕೊಂಡು ನಮ್ಮ ಮನೆಗೆ ಬಾ. ಇಂಗ್ಲಿಷ್ ಮೇಷ್ಟ್ರನ್ನೂ ಕರೆಸುತ್ತೇನೆ, ಅರಬ್ಬಿ ಭಾಗ ಓದಲು ಮಸೀದಿಯ ಮೌಲ್ವಿ ಸಾಹೇಬರನ್ನು ಕೇಳೋಣ. ನಿಮ್ಮವ್ವನೂ ಬರಲಿ, ಕೂತು ಕೊನೆಯ ಸಾಲಿನ ತನಕ ಓದೋಣ. ಅಲ್ಲಿಯ ತನಕ ಪೆನ್ನು ಹಿಡಿಯಬೇಡ, ಒಂದು ರೂಪಾಯಿಯನ್ನೂ ಕೊಡಬೇಡ.