ಹೃದಯಾಘಾತ ತಡೆಗೆ ಹಿತಮಿತ ಜೀವನ, ನಿಯಮಿತ ಮಾತ್ರೆ

ಹೊಲದಲ್ಲಿ ದುಡಿಯುವವರಿಗೆ ಹೃದಯದ ಕಾಯಿಲೆ ಬಾರದೆಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು. ಟ್ರ್ಯಾಕ್ಟರು, ಬೈಕುಗಳಿಂದ ಮೈದುಡಿಮೆ ಕಡಿಮೆಯಾಗಿದೆ. ಬೀಡಿ, ಕರಿದ ತಿಂಡಿಗಳ ಅಭ್ಯಾಸ ಮಾತ್ರ ಉಳಿದಿದೆ.

ರಕ್ತದಲ್ಲಿ ಕೊಲೆಸ್ಟೆರಾಲ್ ಎಂಬ ಜಿಡ್ಡು ಹೆಚ್ಚಾದರೆ, ಹನಿ ನೀರಾವರಿ ಪೈಪಿನಲ್ಲಿ ಲವಣ ಕಟ್ಟುವಂತೆ, ರಕ್ತನಾಳದ ಒಳಗೋಡೆಯಲ್ಲಿ ಸೇರಿ ದಾರಿ ಕಿರಿದಾಗುತ್ತದೆ. ಜಿಡ್ಡು ಹೆಚ್ಚಿದ್ದರೂ ನೋವು, ಸುಸ್ತು ಕಾಣದು. ಆದ್ದರಿಂದ ರಕ್ತಪರೀಕ್ಷೆ ಅವಶ್ಯ.

ಅನುಸರಿಸಬೇಕಾದ ಕ್ರಮಗಳು:

1. ಬೀಡಿ, ಸಿಗರೇಟು, ಹೊಗೆಸೊಪ್ಪನ್ನು ಪೂರ್ತಿ ಬಿಡಬೇಕು.
2. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಮೀರಬಾರದು.
3. ವನಸ್ಪತಿ, ಬೆಣ್ಣೆ, ತುಪ್ಪ ಮಿತಗೊಳಿಸಿ ರಾಗಿ, ಹುರುಳಿ, ಸೊಪ್ಪು, ತರಕಾರಿ ಹೆಚ್ಚಾಗಿ ಬಳಸಬೇಕು.
4. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು.

ಒಮ್ಮೆ ಹೃದಯಾಘಾತವಾದವರಿಗೆ, 40 ವರ್ಷ ದಾಟಿದ ಸಕ್ಕರೆ ಕಾಯಿಲೆಯವರಿಗೆ ಪಥ್ಯದೊಡನೆ ಸಾಮಾನ್ಯವಾಗಿ ಸ್ಟ್ಯಾಟಿನ್ ಮಾತ್ರೆಯೂ ಬೇಕಾಗುತ್ತದೆ. ಇದರ ಮೂಲ ಒಂದು ಬೂಷ್ಟು! ರೈತ ಕುಟುಂಬದಲ್ಲಿ ಹುಟ್ಟಿದ ಜಪಾನಿನ ವಿಜ್ಞಾನಿ ಅಕಿರಾ ಎಂಡೋ 1973ರಲ್ಲಿ ಪೆನಿಸಿಲಿಯಂ ಬೂಷ್ಟಿನಲ್ಲಿ ಇಂಥ ಮೊದಲ ವಸ್ತುವನ್ನು ಕಂಡರು. ಯಕೃತ್ತಿನಲ್ಲಿ ಕೊಲೆಸ್ಟೆರಾಲ್ ತಯಾರಾಗುವುದನ್ನು ಇದು ತಗ್ಗಿಸುತ್ತದೆ.

ಪರೀಕ್ಷೆಯಲ್ಲಿ ಅಂಶ ಇಳಿದಿದೆಯೆಂದು ಮಾತ್ರೆ ನಿಲ್ಲಿಸುವುದೇ ದೊಡ್ಡ ತಪ್ಪು. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಮತ್ತೆ ಏರುತ್ತದೆ. ಮಾಂಸಖಂಡಗಳಲ್ಲಿ ನೋವು ಕಂಡರೆ ವೈದ್ಯರಿಗೆ ತಿಳಿಸಬೇಕು. ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುವರು. ಗರ್ಭಿಣಿಯರು ವೈದ್ಯರನ್ನು ಕೇಳದೆ ಸೇವಿಸಬಾರದು.

ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು. ರೋಗ ಬಂದ ಮೇಲೆ ಸಿಂಪರಣೆಗಿಂತ ಮೊದಲೇ ಬೀಜೋಪಚಾರ ಲೇಸೆಂಬುದು ರೈತರಿಗೆ ತಿಳಿದದ್ದೇ.