ಯಾವ ಊರಿನ ಸೇರು, ಯಾವ ದೇಶದ ಗ್ಯಾಲನ್?

ಪ್ರಶ್ನೆ: ನಮ್ಮ ಯಜಮಾನರ ಅಜ್ಜಿ ಬಳ್ಳಾರಿ ಕಡೆಯವರು. ನಿಜಾಮರ ಕಾಲದಲ್ಲಿ ಸೇಡಂಗೆ ಸೊಸೆಯಾಗಿ ಬಂದವರು. ಅವರ ನೋಟುಬುಕ್ಕಿನಲ್ಲಿ ‘25 ಮಾವಿನಕಾಯಿಗೆ ಎಣ್ಣೆ ಎರಡು ಸೇರು’ ಎಂದು ಬರೆದಿದೆ. ಸೇರೆಂದರೆ ಲೀಟರೇ ಬಿಡು ಅನ್ನುತ್ತಾರೆ ಮನೆಯಲ್ಲಿ. ಹೌದೇ ಸರ್?
— ಗೃಹಿಣಿ, ಕಾಚಿಗುಡ

ಉತ್ತರ: ಈ ಸಲ ಹೆಚ್ಚುಕಡಿಮೆ ಹೌದು ತಾಯಿ. ಆದರೆ ಅದು ಎಣ್ಣೆಯ ಪುಣ್ಯ. ಸೇರು ಹುಟ್ಟಿನಿಂದ ತೂಕ. ಪಕ್ಕಾ ಸೇರಿಗೆ 80 ತೊಲ. 180 ಗ್ರೇನಿನ ತೊಲ ಹಿಡಿದರೆ 933 ಗ್ರಾಂ. ಶೇಂಗಾ ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಅಷ್ಟು ತೂಕದ ಎಣ್ಣೆ ಸುಮಾರು 1,020 ಮಿಲಿ ಲೀಟರ್ ಆಗುತ್ತದೆ. ಹಾಲು ಭಾರ, ಒಂದು ಸೇರು ತೂಗಿದ ಹಾಲು 905 ಮಿಲಿ ಲೀಟರಿಗೇ ಮುಗಿಯಿತು. ಜೇನುತುಪ್ಪವಂತೂ 670ರ ಆಸುಪಾಸು. ಸೇರನ್ನು ಲೀಟರಿಗೆ ತಿರುಗಿಸುವ ಒಂದೇ ಸಂಖ್ಯೆ ಕೇಳುವವರಿಗೆ ನಾನು ಮೊದಲು ಕೇಳುವುದು, ಒಳಗೆ ಇದ್ದದ್ದು ಏನು ಎಂದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಳ್ಳಾರಿ. 1953ರ ಅಕ್ಟೋಬರ್ 1ರವರೆಗೆ ಅದು ಮದ್ರಾಸಿಗೆ ಸೇರಿತ್ತು. ಮದ್ರಾಸ್ ಕಡೆಯ ಕಚ್ಚಾ ಸೇರಿಗೆ 24 ತೊಲ ಮಾತ್ರ, ಅಂದರೆ 280 ಗ್ರಾಂ. ಸೊಸೆ ತವರಿನ ಸೇರು ಹಿಡಿದೇ ಬರೆದರೋ, ಅತ್ತೆಮನೆಯ ಸೇರಿಗೆ ಒಗ್ಗಿಕೊಂಡರೋ? ಉಪ್ಪಿನಕಾಯಿಯೇ ಸಾಕ್ಷಿ ಹೇಳುತ್ತದೆ. ಕಚ್ಚಾ ಲೆಕ್ಕದಲ್ಲಿ ಎರಡು ಸೇರೆಂದರೆ 600 ಮಿಲಿ ಲೀಟರಿನಷ್ಟು ಎಣ್ಣೆ. 25 ಕಾಯಿಯ ಹೋಳು ಅದರಲ್ಲಿ ಮುಳುಗುವ ಮಾತಿರಲಿ, ಸರಿಯಾಗಿ ಮೆತ್ತಿಕೊಳ್ಳುವುದೂ ಇಲ್ಲ, ಬೂಸಲು ಹಿಡಿಯುತ್ತದೆ. ಅಜ್ಜಿ ಬರೆದದ್ದು ಸೇಡಂನ ಪಕ್ಕಾ ಸೇರು. ಎರಡು ಲೀಟರ್ ಹಾಕಿ, ಧೈರ್ಯವಾಗಿ.

ಕಾಳು ಅಳೆಯುವ ಹಿತ್ತಾಳೆಯ ಸೇರು ಅಟ್ಟದ ಮೇಲೆ ಸಿಕ್ಕರೆ ಅದನ್ನು ಇಲ್ಲಿ ಬಳಸಬೇಡಿ. ಅದನ್ನು ಅಕ್ಕಿ-ಜೋಳಕ್ಕೆ ಹೊಂದಿಸಿ ಮಾಡಿರುತ್ತಾರೆ, ಮೇಲೆ ರಾಶಿಯಾಗಿ ತುಂಬುವ ರೂಢಿ ಬೇರೆ. ಎಣ್ಣೆ ರಾಶಿಯಾಗಿ ನಿಲ್ಲುವುದಿಲ್ಲವಲ್ಲ! ಅದರ ಗಾತ್ರ ತಿಳಿಯಲೇಬೇಕೆಂದಿದ್ದರೆ ಕಂಠಮಟ್ಟ ನೀರು ತುಂಬಿ, ಆ ನೀರನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ: ಎಷ್ಟು ಗ್ರಾಂ ಬಂದಿತೋ ಅಷ್ಟು ಮಿಲಿ ಲೀಟರ್. ಯಾವ ಪುಸ್ತಕದ ಕೋಷ್ಟಕಕ್ಕಿಂತಲೂ ಇದು ನಂಬಿಕಸ್ಥ.

ಪ್ರಶ್ನೆ: ಗಂಡಿಪೇಟೆ ಕೆರೆಯ ನೀರಿನ ಲೆಕ್ಕ ಹಳೆಯ ಬರಹದಲ್ಲಿ ಗ್ಯಾಲನ್ನಿನಲ್ಲಿದೆ, ಪತ್ರಿಕೆಯಲ್ಲಿ ಟಿಎಂಸಿ ಎಂದು ಬರುತ್ತದೆ. ಮೊಬೈಲಿನಲ್ಲಿ ಲೆಕ್ಕ ಹಾಕಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ತಪ್ಪು ಯಾರದು?
— ನಿವೃತ್ತ ಶಿಕ್ಷಕ, ಮೆಹದಿಪಟ್ಟಣ

ಉತ್ತರ: ಮೊಬೈಲಿನದು. ಗ್ಯಾಲನ್ ಎಂದರೆ ಅದಕ್ಕೆ ಅಮೆರಿಕದ ಗ್ಯಾಲನ್ನೇ ಮೊದಲು ನೆನಪಾಗುತ್ತದೆ. ಅದು 231 ಘನ ಅಂಗುಲದ ಹಳೆಯ ಇಂಗ್ಲಿಷ್ ದ್ರಾಕ್ಷಾರಸದ ಅಳತೆ, 3.785 ಲೀಟರ್. ಬ್ರಿಟನ್ 1824ರಲ್ಲಿ ಅದನ್ನು ಕೈಬಿಟ್ಟು, 10 ಪೌಂಡ್ ನೀರು ಹಿಡಿಯುವಷ್ಟು ಗಾತ್ರವನ್ನು ಗ್ಯಾಲನ್ ಎಂದು ಗೊತ್ತುಮಾಡಿತು: 4.546 ಲೀಟರ್. ನಮ್ಮ ದೇಶಕ್ಕೆ ಬಂದದ್ದು ಈ ಎರಡನೆಯದು. ನೋಡಿ, ಬ್ರಿಟಿಷರ ಗ್ಯಾಲನ್ನಿಗೂ ನಮ್ಮ ಸೇರಿನ ಹಾಗೆ ತೂಕವೇ ತಾಯಿಬೇರು.

1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ನಂತರ ನಿಜಾಮರು ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲೇ ನೀರನ್ನು ತಡೆದು ನಿಲ್ಲಿಸಬೇಕೆಂಬುದು ಅವರ ಸಲಹೆ. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಗಂಡಿಪೇಟೆ ಎಂದು ನೀವು ಕರೆಯುವ ಉಸ್ಮಾನ್ ಸಾಗರ ತುಂಬಿದರೆ 3.9 ಟಿಎಂಸಿ, ಅಂದರೆ 390 ಕೋಟಿ ಘನ ಅಡಿ. ಘನ ಅಡಿಗೆ 6.23 ಬ್ರಿಟಿಷ್ ಗ್ಯಾಲನ್. ಗುಣಿಸಿ, ಸುಮಾರು 2,430 ಕೋಟಿ ಗ್ಯಾಲನ್ ಬರುತ್ತದೆ. ಲೀಟರಿನಲ್ಲಿ 11,000 ಕೋಟಿ ಚಿಲ್ಲರೆ. ಮೊಬೈಲನ್ನು ನಂಬಿದರೆ 2,900 ಕೋಟಿ ಗ್ಯಾಲನ್ ದಾಟುತ್ತದೆ, ಕೆರೆಗೆ ಒಂದು ಹನಿ ಹೆಚ್ಚು ಬಾರದೆಯೇ!

ಇದು ಬರೀ ಹಳೆಯ ಕಾಗದದ ತಂಟೆಯಲ್ಲ. ಹೈದರಾಬಾದಿನ ನೀರು ಸರಬರಾಜಿನ ಲೆಕ್ಕ ಇಂದಿಗೂ ಎಂಜಿಡಿಯಲ್ಲಿದೆ, ಅಂದರೆ ದಿನಕ್ಕೆ ಇಷ್ಟು ದಶಲಕ್ಷ ಗ್ಯಾಲನ್. ಕೃಷ್ಣಾ ಕುಡಿಯುವ ನೀರಿನ ಯೋಜನೆಯ ಒಂದು ಹಂತಕ್ಕೆ 90 ಎಂಜಿಡಿ. ಇಲ್ಲಿ ಗ್ಯಾಲನ್ ಬದಲಾದರೆ ದಿನಕ್ಕೆ 6.8 ಕೋಟಿ ಲೀಟರ್ ವ್ಯತ್ಯಾಸ, ಹತ್ತು ಸಾವಿರ ಲೀಟರಿನ 6,800 ಟ್ಯಾಂಕರ್!

ಪ್ರಶ್ನೆ: ತಾತ ಆಬ್ಕಾರಿ ಇಲಾಖೆಯಲ್ಲಿದ್ದರು. ಅವರ ಕಾಗದಗಳಲ್ಲಿ ‘ಪ್ರೂಫ್ ಗ್ಯಾಲನ್’ ಎಂಬ ಪದವಿದೆ. ಅದು ಮತ್ತೊಂದು ಗ್ಯಾಲನ್ನೇ?
— ಸಿಕಂದರಾಬಾದಿನಿಂದ ಒಬ್ಬರು

ಉತ್ತರ: ಅಲ್ಲ, ಗ್ಯಾಲನ್ ಅದೇ, ಅಳೆಯುತ್ತಿದ್ದದ್ದು ಕಿಕ್ಕನ್ನು. ಸಾರಾಯಿಗೆ ನೀರು ಬೆರೆಸಿ ಸುಂಕ ತಪ್ಪಿಸಬಾರದಲ್ಲ! ನೂರಕ್ಕೆ 57.1 ಪಾಲು ಮದ್ಯಸಾರವಿದ್ದರೆ 100 ಪ್ರೂಫ್. 75 ಪ್ರೂಫಿನ 100 ಗ್ಯಾಲನ್ ಎಂದರೆ ಲೆಕ್ಕಕ್ಕೆ 75 ಪ್ರೂಫ್ ಗ್ಯಾಲನ್. ಈಗಿನ ವಿಸ್ಕಿ ಬಾಟಲಿಯ ಚೀಟಿಯಲ್ಲಿ 42.8 ಶೇಕಡಾ ಎಂಬ ವಿಚಿತ್ರ ಸಂಖ್ಯೆ ಕಾಣುವುದು ಇದರಿಂದಲೇ: 57.1ರ ಮುಕ್ಕಾಲು ಪಾಲು ಅದು. ಬಾಟಲಿಯ 750 ಮಿಲಿ ಲೀಟರೂ ಗ್ಯಾಲನ್ನಿನ ಆರನೇ ಒಂದು ಪಾಲಿಗೆ ಏಳೆಂಟು ಮಿಲಿ ಲೀಟರ್ ಕಡಿಮೆ, ಅಷ್ಟೇ.

ಪ್ರಶ್ನೆ: ಚಾರ್‌ಮಿನಾರ್ ಬಳಿಯ ಹಕೀಮರು ಅಪ್ಪನಿಗೆ ಬರೆದುಕೊಟ್ಟಿದ್ದ ಹಳೆಯ ಚೀಟಿಯಲ್ಲಿ ಗುಲಾಬಿ ಅರ್ಕ 5 ತೊಲ, ಶರಬತ್ತು 5 ತೊಲ ಎಂದಿದೆ. ಎರಡೂ ಒಂದೇ ಲೋಟದ ಅಳತೆಯೇ?
— ವಿದ್ಯಾರ್ಥಿನಿ, ಜಹೀರಾಬಾದ್

ಉತ್ತರ: ತೂಕ ಒಂದೇ, ಲೋಟದಲ್ಲಿ ಬೇರೆ ಮಗಳೇ. ಐದು ತೊಲೆಗೆ ಒಂದು ಛಟಾಕು, 58 ಗ್ರಾಂ. ಅರ್ಕ ನೀರಿನಂತೆಯೇ ಇರುವುದರಿಂದ 58 ಮಿಲಿ ಲೀಟರ್. ಸಕ್ಕರೆ ಪಾಕದ ಶರಬತ್ತು ನೀರಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಭಾರ; ಅದು 45 ಮಿಲಿ ಲೀಟರಿಗೆ ಸ್ವಲ್ಪ ಈಚೆಗೇ ನಿಲ್ಲುತ್ತದೆ. ಹಳೆಯ ಚೀಟಿ ನೋಡಿ ಔಷಧ ಮಾತ್ರ ತೆಗೆದುಕೊಳ್ಳಬೇಡ. ಪ್ರಮಾಣವನ್ನು ಈಗಿನ ಹಕೀಮರನ್ನೇ ಕೇಳು.